ಕಚ್ಚಿದ್ದು ಹಾವೋ, ಹಾವುಮೀನೋ?

"ಡಾಕ್ಟ್ರೇ, ಹಾವು ಕಚ್ಚಿದ್ದು." ರಾತ್ರಿ ಎರಡು ಗಂಟೆ. ದಕ್ಕೆಯಿಂದ, ಅಂದರೆ ಬೋಟು ನಿಲ್ಲುವ ಕಟ್ಟೆಯಿಂದ, ನೇರ ಬಂದಿದ್ದ ಬೋಟಿನ ಹುಡುಗ, ಕೈಗೆ ಸುತ್ತಿದ್ದ ಬೈರಾಸು ರಕ್ತದಲ್ಲಿ ತೊಯ್ದಿತ್ತು. ಬಿಚ್ಚಿ ನೋಡಿದೆ. ಹೆಬ್ಬೆರಳಿನ ಬುಡ ಉದ್ದಕ್ಕೆ ಸೀಳಿತ್ತು. ಇದು ಹಾವಿನ ಕೆಲಸ ಅಲ್ಲ ಅಂತ ಆಗಲೇ ಅನಿಸಿತು.

ಜೂನ್, ಜುಲೈನ ಮೀನುಗಾರಿಕೆ ರಜೆ ಮುಗಿದು ಆಗಸ್ಟ್‌ನಲ್ಲಿ ಟ್ರಾಲ್ ಬೋಟುಗಳು ಕಡಲಿಗೆ ಇಳಿದರೆ ಇಂಥ ಕೈಗಳು ನನ್ನ ಬಳಿ ಬರತೊಡಗುತ್ತವೆ. ಬಲೆಯಲ್ಲಿ ಸಿಗಡಿ, ಏಡಿಗಳ ಜೊತೆ ಹಾವುಮೀನು ಬರುತ್ತದೆ, ಕಡಲ ಹಾವೂ ಬರುತ್ತದೆ. ನಡುರಾತ್ರಿ, ಅಲುಗುವ ಬೋಟಿನಲ್ಲಿ, ನಿದ್ದೆಗಣ್ಣಲ್ಲಿ ಮೀನು ಆರಿಸುವವನಿಗೆ ಎರಡೂ ಒಂದೇ ಥರ ಕಾಣುತ್ತವೆ, ಅಲ್ವಾ?

ಆದರೆ ಹಾವುಮೀನು ಅಪ್ಪಟ ಮೀನು. ವಿಜ್ಞಾನದಲ್ಲಿ ಮುರೇನಿಸಾಕ್ಸ್ ಅನ್ನುತ್ತಾರೆ. ಕಡಲ ತಳದ ಕೆಸರು ಇದರ ಮನೆ, ಅಳಿವೆಯೊಳಗೂ ಬರುತ್ತದೆ. ಹಗಲು ಅಡಗಿದ್ದು, ರಾತ್ರಿ ಸಣ್ಣ ಮೀನು, ಸಿಗಡಿ ಹಿಡಿದು ತಿನ್ನುತ್ತದೆ. ಒಂದೂವರೆ ಮೀಟರ್ ಬೆಳೆಯುವುದು ಸಾಮಾನ್ಯ, 2 ಮೀಟರ್ ದಾಟುವವೂ ಇವೆ. ಜಾರುವ ಬೇಟೆಯನ್ನು ಬಿಡದೆ ಹಿಡಿಯಬೇಕಲ್ಲ, ಅದಕ್ಕೇ ದವಡೆಯ ಅಂಚಿನಲ್ಲಷ್ಟೇ ಅಲ್ಲ, ಅಂಗುಳದ ನಡುವೆಯೂ ಚೂರಿಯಂಥ ದೊಡ್ಡ ಹಲ್ಲುಗಳ ಸಾಲಿದೆ. ಕೈ ಸಿಕ್ಕರೆ ಆ ಸಾಲೇ ಇಳಿಯುತ್ತದೆ. ನಾವು ಗಾಬರಿಯಿಂದ ಕೈ ಎಳೆಯುತ್ತೇವೆ, ಅದು ಮೈ ತಿರುಚುತ್ತದೆ, ಗಾಯ ಹರಿದು ದೊಡ್ಡದಾಗುತ್ತದೆ. ಕಚ್ಚಿ ಹಿಡಿದರೆ ಎಳೆಯಬೇಡಿ. ಇನ್ನೊಬ್ಬರು ದವಡೆ ಬಿಡಿಸಲಿ. ಸತ್ತಂತೆ ಬಿದ್ದಿದ್ದರೂ ನಂಬಬೇಡಿ, ನೀರಿನಿಂದ ತೆಗೆದ ಮೇಲೂ ಇದು ತುಂಬಾ ಹೊತ್ತು ಬದುಕಿರುತ್ತದೆ.

ಗುರುತು ಹಿಡಿಯುವುದು ಹೇಗೆ? ಹಾವುಮೀನಿಗೆ ಹುರುಪೆ ಇಲ್ಲ, ಮೈ ಲೋಳೆ ಲೋಳೆ. ತಲೆಯ ಹಿಂದೆ ಕಿವಿರಿನ ಸೀಳು, ಅದರ ಪಕ್ಕ ಎರಡು ಪುಟ್ಟ ರೆಕ್ಕೆ, ಬೆನ್ನುದ್ದಕ್ಕೂ ಬಾಲದವರೆಗೆ ಒಂದೇ ರೆಕ್ಕೆ. ಕಡಲ ಹಾವಿಗೆ ಕಿವಿರೂ ಇಲ್ಲ, ರೆಕ್ಕೆಯೂ ಇಲ್ಲ. ಮೈ ತುಂಬ ಹುರುಪೆ, ಬಾಲ ಮಾತ್ರ ದೋಣಿಯ ಹುಟ್ಟಿನ ಹಾಗೆ ಚಪ್ಪಟೆ. ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಕಡಲ ಹಾವಿನಂತೆಯೇ ಪಟ್ಟೆ ಇರುವ ಬೇರೆ ಜಾತಿಯ ಹಾವುಮೀನುಗಳೂ ಇವೆ.

ಮೀನು ನೋಡಲು ಸಿಗದಿದ್ದರೆ ಗಾಯವೇ ಹೇಳುತ್ತದೆ. ಹಾವುಮೀನು ಕಚ್ಚಿದರೆ ವಿಪರೀತ ನೋವು, ರಕ್ತ. ಕಡಲ ಹಾವು ಕಚ್ಚಿದರೆ ಸೂಜಿ ತಾಗಿದಂಥ ಚುಕ್ಕೆ, ಹೆಚ್ಚಿನ ಸಲ ನೋವೇ ಇಲ್ಲ. ನನಗೆ ಜಾಸ್ತಿ ಭಯ ಈ ನೋವಿಲ್ಲದ ಚುಕ್ಕೆಯದ್ದೇ. "ಏನೂ ಆಗ್ಲಿಲ್ಲ ಮಾರಾಯ್ರೆ" ಅಂತ ಮತ್ತೆ ಮೀನು ಆರಿಸಲು ಕೂತವನಿಗೆ ಅರ್ಧ ಗಂಟೆಯಲ್ಲೋ ಕೆಲವು ಗಂಟೆಗಳಲ್ಲೋ ಮೈಯೆಲ್ಲ ಸ್ನಾಯು ನೋವು ಶುರುವಾಗುತ್ತದೆ, ರೆಪ್ಪೆ ಇಳಿಯುತ್ತದೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುತ್ತದೆ. ನಮ್ಮ ಆಸ್ಪತ್ರೆಗಳಲ್ಲಿರುವ ಹಾವಿನ ಚುಚ್ಚುಮದ್ದು ನಾಗರ, ಕಟ್ಟು, ಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ಕಡಲ ಹಾವಿನ ವಿಷಕ್ಕೆ ಅದು ಮದ್ದಲ್ಲ. ಉಸಿರು, ಮೂತ್ರಪಿಂಡ ಕಾಪಾಡಲು ಸಮಯ ಸಿಗಬೇಕು, ಹಾಗಾಗಿ ಸುಮ್ನೆ ಅನುಮಾನ ಇದ್ದರೂ ಬೋಟು ದಡಕ್ಕೆ ತಿರುಗಿಸಿ, ಕಚ್ಚಿಸಿಕೊಂಡವನು ಆ ಕೈ ಅಲುಗಿಸದಿರಲಿ. ಕೊಯ್ಯುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಬೇಡ.

ಹಾವುಮೀನಿಗೆ ವಿಷದ ಹಲ್ಲಿಲ್ಲ, ಆದರೂ ಗಾಯ ಹಗುರ ಅಲ್ಲ. ಬೆಚ್ಚಗಿನ ಉಪ್ಪುನೀರಲ್ಲಿ ವಿಬ್ರಿಯೊ ಅನ್ನುವ ರೋಗಾಣು ಇರುತ್ತದೆ. ಸಕ್ಕರೆ ಕಾಯಿಲೆ, ಲಿವರ್ ತೊಂದರೆ ಇರುವವರಿಗೆ ಅದು ಜೀವಕ್ಕೇ ಕುತ್ತು ತರಬಹುದು. ಬೋಟಿನಲ್ಲೇ ಕುಡಿಯುವ ನೀರು, ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ಅರಿಶಿನ, ಡೀಸೆಲ್ ಹಚ್ಚಬೇಡಿ. ಒಂದೇ ದಿನದಲ್ಲಿ ಕೆಂಪು ಹರಡಿದರೆ, ಗುಳ್ಳೆ ಎದ್ದರೆ ಕಾಯಬೇಡಿ.

ಆ ಹುಡುಗನ ಗಾಯ ತೊಳೆದೆ, ಟಿಟಿ ಕೊಟ್ಟೆ, ಪೂರ್ತಿ ಹೊಲಿಯದೆ ಸ್ವಲ್ಪ ತೆರೆದೇ ಬಿಟ್ಟೆ. ಜೊತೆಗಿದ್ದವನು ಫೋನಿನಲ್ಲಿ ಫೋಟೊ ತೋರಿಸಿದ. ಬೂದು ಬೆನ್ನು, ಬಿಳಿ ಹೊಟ್ಟೆ, ರೆಕ್ಕೆಯ ಅಂಚು ಕಪ್ಪು, ಹಾವುಮೀನೇ. ಆದರೂ ಬೆಳಿಗ್ಗೆವರೆಗೆ ಅವನನ್ನು ಮನೆಗೆ ಬಿಡಲಿಲ್ಲ. ಅದೇ ಬಲೆಯಲ್ಲಿ ಎರಡು ಕಡಲ ಹಾವೂ ಇದ್ದವಂತೆ.