ಫ್ಲೋ ಸೆನ್ಸರ್ ಜೋಡಣೆ: ಆರ್‌ಪಿಎಂನಿಂದ ಲೀಟರ್‌ಗೆ

ಪಿಸಿಯನ್ನು ನೀರಿನಿಂದ ತಂಪು ಮಾಡುವಾಗ, ಪಂಪ್ ತಿರುಗುತ್ತಿದೆ ಅಂದ ಮಾತ್ರಕ್ಕೆ ನೀರು ಹರಿಯುತ್ತಿದೆ ಅಂತಲ್ಲ. ಟ್ಯೂಬ್ ಮಡಚಿಕೊಂಡಿದ್ದರೂ, ಸಿಪಿಯು ಬ್ಲಾಕ್‌ನ (ಸಿಪಿಯು ಮೇಲೆ ಕೂರುವ, ಒಳಗೆ ನೀರು ಹರಿಯುವ ತುಂಡು) ಸಣ್ಣ ಸೀಳುಗಳಲ್ಲಿ ಕಸ ಕಟ್ಟಿದ್ದರೂ ಪಂಪ್ ತನ್ನ ಪಾಡಿಗೆ ತಿರುಗುತ್ತಲೇ ಇರುತ್ತದೆ. ಬಯಾಸ್‌ನಲ್ಲಿ (ಮದರ್‌ಬೋರ್ಡ್‌ನ ಸೆಟ್ಟಿಂಗ್ಸ್ ಪರದೆ) ಅದರ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದು, ಸರಿಯಾಗಿಯೇ ಕಾಣುತ್ತದೆ. ಕಸ್ಟಮ್ ಲೂಪ್‌ಗೆ (ನಾವೇ ಬಿಡಿಬಿಡಿಯಾಗಿ ಜೋಡಿಸಿದ ನೀರಿನ ಕೂಲಿಂಗ್) ಹರಿವು ಅಳೆಯುವ ಫ್ಲೋ ಸೆನ್ಸರ್ ಬೇಕು ಅನ್ನುವುದು ಇದಕ್ಕೇ.

ಸೆನ್ಸರ್ ಒಳಗೆ ಪುಟ್ಟ ಚಕ್ರ, ಚಕ್ರದಲ್ಲಿ ಅಯಸ್ಕಾಂತ, ಪಕ್ಕದಲ್ಲಿ ಆ ಅಯಸ್ಕಾಂತ ಹಾದುಹೋಗುವುದನ್ನು ಗುರುತಿಸುವ ಹಾಲ್ ಸೆನ್ಸರ್ ಚಿಪ್. ನೀರು ಚಕ್ರ ತಿರುಗಿಸಿದಂತೆ ಪಲ್ಸ್‌ಗಳು (ವಿದ್ಯುತ್ ಮಿಡಿತಗಳು) ಬರುತ್ತವೆ. ಮೈಮೇಲಿನ ಬಾಣದ ಗುರುತು ನೀರು ಹೋಗುವ ದಿಕ್ಕಿಗೇ ಇರಬೇಕು.

ವೈರ್ ಮೂರು. ಸಾಮಾನ್ಯವಾಗಿ ಕೆಂಪು ಪವರ್, ಕಪ್ಪು ಗ್ರೌಂಡ್, ಹಳದಿ ಸಿಗ್ನಲ್. ಆದರೆ 4 ಪಿನ್ ಫ್ಯಾನ್‌ಗಳ ಕೇಬಲ್‌ನಲ್ಲಿ ಹಳದಿ ಅಂದರೆ 12 ವೋಲ್ಟ್! ಹಾಗಾಗಿ ಬಣ್ಣ ನಂಬಬೇಡಿ, ಪಿನ್ ನೋಡಿ. ಮದರ್‌ಬೋರ್ಡ್‌ನ 4 ಪಿನ್ ಹೆಡರ್‌ನಲ್ಲಿ (ಫ್ಯಾನ್ ಕೇಬಲ್ ಸಿಕ್ಕಿಸುವ ಜಾಗ) ಪ್ಲಾಸ್ಟಿಕ್ ತಡೆ ಮೂರು ಪಿನ್‌ಗಳ ಬೆನ್ನಿಗೆ ಮಾತ್ರ ಇರುತ್ತದೆ. ತಡೆ ಇಲ್ಲದ್ದು ಫ್ಯಾನ್ ವೇಗ ನಿಯಂತ್ರಿಸುವ ಪಿಡಬ್ಲ್ಯೂಎಂ ಪಿನ್, ಅದು ನಮಗೆ ಬೇಡ. ಆಚೆ ತುದಿಯಿಂದ ಎಣಿಸಿದರೆ ಗ್ರೌಂಡ್, 12 ವೋಲ್ಟ್, ಟ್ಯಾಕ್ (ಬೋರ್ಡ್ ವೇಗ ಓದುವ ಪಿನ್). ಸಿಗ್ನಲ್ ವೈರ್ ಟ್ಯಾಕ್‌ಗೆ ಹೋಗಬೇಕು. ಸೆನ್ಸರ್ ಬರೀ 5 ವೋಲ್ಟ್‌ನದ್ದಾದರೆ ಇಲ್ಲಿ ಹಾಕಲೇಬೇಡಿ, ಸುಟ್ಟುಹೋಗುತ್ತದೆ.

ಈಗ ನನ್ನನ್ನು ತುಂಬಾ ಹೊತ್ತು ಕಾಡಿದ ಜಾಗ. ಸೆನ್ಸರ್ ಜೋಡಿಸಿದ ಮೇಲೆ ಬಯಾಸ್ 787 ಆರ್‌ಪಿಎಂ ಅನ್ನುತ್ತದೆ. ಏನದು? ಚಕ್ರದ ವೇಗವೂ ಅಲ್ಲ, ಲೀಟರೂ ಅಲ್ಲ. ತನಗೆ ಫ್ಯಾನ್ ಹಾಕಿದ್ದಾರೆ ಅಂತಲೇ ಬೋರ್ಡ್ ತಿಳಿದಿರುತ್ತದೆ. ಫ್ಯಾನ್ ಒಂದು ಸುತ್ತಿಗೆ 2 ಪಲ್ಸ್ ಕೊಡುತ್ತದೆ. ಅದಕ್ಕೆ ಬೋರ್ಡ್ ನಿಮಿಷದ ಪಲ್ಸ್‌ಗಳನ್ನು 2ರಿಂದ ಭಾಗಿಸಿ ಆರ್‌ಪಿಎಂ ಅಂತ ತೋರಿಸುತ್ತದೆ. ನಾವು ಮಾಡಬೇಕಾದ್ದು ಅದನ್ನು ಬಿಚ್ಚುವುದು ಅಷ್ಟೇ.

ಎಲ್ಲ ಕಡೆ ಸಿಗುವ ವೈಎಫ್-ಎಸ್201 ಸೆನ್ಸರನ್ನೇ ತೆಗೆದುಕೊಳ್ಳಿ. (ಅದರ ಥ್ರೆಡ್ ಅರ್ಧ ಇಂಚು, ಪಿಸಿ ಫಿಟ್ಟಿಂಗ್‌ಗಳದ್ದು ಕಾಲು ಇಂಚು. ಅಡಾಪ್ಟರ್ ಬೇಕೇ ಬೇಕು.) ಅದು ಲೀಟರ್‌ಗೆ 450 ಪಲ್ಸ್ ಕೊಡುತ್ತದೆ. ನಿಮಿಷಕ್ಕೆ 3.5 ಲೀಟರ್ ಹರಿದರೆ 1575 ಪಲ್ಸ್. ಬೋರ್ಡ್ ಅದನ್ನು 2ರಿಂದ ಭಾಗಿಸಿತು, 787 ಬಂತು. ಹಿಂದಕ್ಕೆ ಹೋಗಿ: 787ನ್ನು 2ರಿಂದ ಗುಣಿಸಿ, 450ರಿಂದ ಭಾಗಿಸಿ. 3.5 ಬಂತು ಅಲ್ವಾ?

ಇನ್ನೂ ಸುಲಭ ದಾರಿ ಇದೆ, ನಾನು ಈಗ ಇದೊಂದನ್ನೇ ಬಳಸುತ್ತೇನೆ. ಲೀಟರ್‌ಗೆ ಎಷ್ಟು ಪಲ್ಸೋ ಅದರ ಅರ್ಧ ಮಾಡಿಟ್ಟುಕೊಳ್ಳಿ. ಆರ್‌ಪಿಎಂ ಅನ್ನು ಆ ಅರ್ಧದಿಂದ ಭಾಗಿಸಿ. 450 ಆದರೆ 225. ಆಕ್ವಾ ಕಂಪ್ಯೂಟರ್‌ನ ಹೈ ಫ್ಲೋ ಸೆನ್ಸರ್‌ಗೆ 169, ಅರ್ಧ 84.5. ಅದರಲ್ಲಿ ನಿಮಿಷಕ್ಕೆ 3 ಲೀಟರ್ ಹರಿದರೂ ಬಯಾಸ್ ತೋರಿಸುವುದು ಸುಮಾರು 253 ಮಾತ್ರ. ಕೆಲವು ಬೋರ್ಡ್‌ಗಳು ಇಷ್ಟು ಕಡಿಮೆ ಆರ್‌ಪಿಎಂ ಕಂಡರೆ ಸೊನ್ನೆ ತೋರಿಸಿಬಿಡುತ್ತವೆ. ಸೊನ್ನೆ ಕಂಡ ಕೂಡಲೇ ಸೆನ್ಸರ್ ಕೆಟ್ಟಿದೆ ಅಂದುಕೊಳ್ಳಬೇಡಿ, ಮೊದಲು ಈ ಲೆಕ್ಕ ಹಾಕಿ ನೋಡಿ.

ಸೆನ್ಸರ್ ಹಾಕಿದ ಹೆಡರನ್ನು ಬಯಾಸ್‌ನಲ್ಲಿ ಫುಲ್ ಸ್ಪೀಡ್‌ಗೆ ಇಡಿ. ಡಿಸಿ ಮೋಡ್‌ನಲ್ಲಿ (ವೋಲ್ಟೇಜ್ ಬದಲಿಸಿ ಫ್ಯಾನ್ ವೇಗ ನಿಯಂತ್ರಿಸುವ ವಿಧಾನ) ಬೋರ್ಡ್ ವೋಲ್ಟೇಜ್ ಇಳಿಸಿದರೆ ಹಾಲ್ ಚಿಪ್‌ಗೆ ಪವರ್ ಸಾಲದು. ಹೊಸದಾಗಿ ನೀರು ತುಂಬಿದಾಗ ಅಂಕಿ ಕುಣಿಯುತ್ತಿದ್ದರೆ ಅದು ಗಾಳಿ ಗುಳ್ಳೆ. ಗಾಳಿ ಪೂರ್ತಿ ಹೊರಗೆ ಹೋಗಲಿ, ಆಮೇಲೆ ನೋಡಿ.

450 ಅನ್ನುವುದೂ ಅಂದಾಜೇ, ಪೀಸಿನಿಂದ ಪೀಸಿಗೆ ಬದಲಾಗುತ್ತದೆ. ನಿಮ್ಮದರ ಸರಿಯಾದ ಅಂಕಿ ಬೇಕಾದರೆ, ಹಳೇ ಏರ್ ಕೂಲರ್ ಬಿಚ್ಚುವ ಮೊದಲೇ (ಬಯಾಸ್ ನೋಡಲು ಪಿಸಿ ಓಡುತ್ತಿರಬೇಕಲ್ಲ) ಪಂಪ್, ರಿಸರ್ವಾಯರ್ (ನೀರಿನ ಪುಟ್ಟ ಟ್ಯಾಂಕ್), ಸೆನ್ಸರ್ ಮೂರನ್ನೂ ಕ್ಯಾಬಿನೆಟ್‌ನಿಂದ ದೂರ, ಬಕೆಟ್ ಪಕ್ಕ ಜೋಡಿಸಿ. ಪಂಪ್ ಒಣಗದಂತೆ ರಿಸರ್ವಾಯರ್‌ಗೆ ನೀರು ಹಾಕುತ್ತಿರಿ. ಸೆನ್ಸರ್‌ನಿಂದ ಬರುವ ನೀರನ್ನು ಅಳತೆ ಜಾರ್‌ಗೆ ಬಿಡಿ. 1 ಲೀಟರ್ ತುಂಬಲು 20 ಸೆಕೆಂಡ್ ಹಿಡಿದರೆ ನಿಮಿಷಕ್ಕೆ 3 ಲೀಟರ್. ಆಗ ಬಯಾಸ್ 660 ತೋರಿಸುತ್ತಿದ್ದರೆ ನಿಮ್ಮ ಸೆನ್ಸರ್‌ನ ಭಾಜಕ 225 ಅಲ್ಲ, 220.