ಎಂಟು ಕೋರ್ ಇದ್ದರೂ ಆಟ ಯಾಕೆ ತಡವರಿಸುತ್ತದೆ?

ಎಂಟು ಕೋರ್‌ಗಳ, ಅಂದರೆ ಪ್ರೊಸೆಸರ್ ಒಳಗೆ ಬೇರೆಬೇರೆಯಾಗಿ ದುಡಿಯುವ ಎಂಟು ಭಾಗಗಳಿರುವ ಕಂಪ್ಯೂಟರ್. ಅದರಲ್ಲಿ ಪಿಸಿಎಸ್‌ಎಕ್ಸ್2 ಎಮ್ಯುಲೇಟರ್ (ಬೇರೆ ಯಂತ್ರದ ಆಟವನ್ನು ಕಂಪ್ಯೂಟರ್‌ನಲ್ಲಿ ಆಡಿಸುವ ತಂತ್ರಾಂಶ) ತೆರೆದು ಹಳೇ ಪ್ಲೇಸ್ಟೇಷನ್ 2 ಆಟ ಹಾಕುತ್ತೀರಿ. ಆಟ ತಡವರಿಸುತ್ತದೆ. ಟಾಸ್ಕ್ ಮ್ಯಾನೇಜರ್ ನೋಡಿದರೆ ಪ್ರೊಸೆಸರ್‌ನ ಮುಕ್ಕಾಲು ಪಾಲು ಸುಮ್ನೆ ಕೂತಿದೆ. ಇದೇನಿದು ಅನ್ನಿಸುತ್ತದೆ, ಅಲ್ವಾ?

2000ದಲ್ಲಿ ಬಂದ ಪ್ಲೇಸ್ಟೇಷನ್ 2 ಯಂತ್ರದ ಮುಖ್ಯ ಚಿಪ್ಪಿನ ವೇಗ ಸುಮಾರು 295 ಮೆಗಾಹರ್ಟ್ಸ್ ಅಷ್ಟೇ. ಆದರೆ ಅದರ ಭಾಷೆಯನ್ನು ನಮ್ಮ ಪ್ರೊಸೆಸರ್‌ನ ಭಾಷೆಗೆ ತಿರುಗಿಸುವ ಕೆಲಸ ದೊಡ್ಡದು. ಅದನ್ನು ಮಾಡುವುದು ಒಂದೇ ಒಂದು ಮುಖ್ಯ ಥ್ರೆಡ್. ಥ್ರೆಡ್ ಅಂದರೆ ಒಂದು ಸಲಕ್ಕೆ ಒಂದೇ ಕೋರ್ ಮೇಲೆ ಓಡುವ ಕೆಲಸದ ಸರಣಿ. ಚಿತ್ರ ಬಿಡಿಸಲು ಇನ್ನೊಂದು ಥ್ರೆಡ್ ಇದೆ. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದೊಂದಕ್ಕೂ ಸಿಗುವುದು 16.7 ಮಿಲಿಸೆಕೆಂಡ್. ಮುಖ್ಯ ಥ್ರೆಡ್ 20 ತೆಗೆದುಕೊಂಡರೆ ಮುಗಿಯಿತು. ಪಕ್ಕದ ಕೋರ್ ಖಾಲಿ ಇದ್ದು ಏನೂ ಪ್ರಯೋಜನವಿಲ್ಲ.

ಯಾವ ಥ್ರೆಡ್ ಯಾವ ಕೋರ್ ಮೇಲೆ ಓಡಬೇಕು ಎಂದು ತೀರ್ಮಾನಿಸುವುದು ಆಪರೇಟಿಂಗ್ ಸಿಸ್ಟಂನ ಶೆಡ್ಯೂಲರ್. ಅದಕ್ಕೆ ಆಟದ ಗೊಡವೆ ಇಲ್ಲ. ಯಾರು ಕಾಯುತ್ತಿದ್ದಾರೆ, ಯಾರು ಆಗಲೇ ಎಷ್ಟು ಹೊತ್ತು ಓಡಿದ್ದಾರೆ ಎಂಬ ಲೆಕ್ಕವೇ ಅದಕ್ಕೆ ಮುಖ್ಯ. ಲಿನಕ್ಸ್‌ನಲ್ಲಿ 2007ರಲ್ಲಿ ಇಂಗೊ ಮೋಲ್ನಾರ್ ಎಂಬ ಪ್ರೋಗ್ರಾಮರ್ ತಂದ ಶೆಡ್ಯೂಲರ್‌ನ ಹೆಸರಿನಲ್ಲೇ ‘ಫೇರ್’ ಎಂಬ ಮಾತಿತ್ತು. ಎಲ್ಲರಿಗೂ ಸಮಪಾಲು!

ಚಿತ್ರದ ಥ್ರೆಡ್ ಕೆಲಸ ಮುಗಿಸಿ ಒಂದು ಕ್ಷಣ ಮಲಗುತ್ತದೆ. ಎದ್ದಾಗ ಶೆಡ್ಯೂಲರ್ ಅದನ್ನು ಬೇರೆ ಕೋರ್‌ಗೆ ಕಳಿಸಬಹುದು. ಹಳೇ ಕೋರ್‌ನ ಕ್ಯಾಶ್ ಎಂಬ ಪುಟ್ಟ ವೇಗದ ಮೆಮೊರಿಯಲ್ಲಿ ಕೈಗೆಟುಕುವಂತೆ ಇಟ್ಟುಕೊಂಡಿದ್ದ ಮಾಹಿತಿಯನ್ನೆಲ್ಲ ಹೊಸ ಕಡೆ ಮತ್ತೆ ತಂದುಕೊಳ್ಳಬೇಕು. ಇದೇ ಓಡಾಟ ಟಾಸ್ಕ್ ಮ್ಯಾನೇಜರ್‌ನ ಗ್ರಾಫ್‌ನಲ್ಲೂ ಮೋಸ ಮಾಡುತ್ತದೆ. ಒಂದು ಕೋರ್ ಪೂರ್ತಿ ದುಡಿದರೆ ಎಂಟರಲ್ಲಿ ಅದು ಶೇ. 12.5 ಮಾತ್ರ. ಅದೇ ಥ್ರೆಡ್ ಅಲ್ಲಿಂದಿಲ್ಲಿಗೆ ಹಾರುತ್ತಿದ್ದರೆ ಎಲ್ಲ ಕೋರ್‌ಗಳೂ ಸ್ವಲ್ಪ ಸ್ವಲ್ಪ ದುಡಿದಂತೆ ಕಾಣುತ್ತವೆ. ಎಷ್ಟೋ ಜನ ಹೊಸ ಪ್ರೊಸೆಸರ್ ಕೊಳ್ಳುವಾಗ ಕೋರ್ ಎಣಿಸುವುದು ಈ ಗ್ರಾಫ್ ನಂಬಿಯೇ. ಎಮ್ಯುಲೇಟರ್‌ಗೆ ಬೇಕಾದದ್ದು ಒಂದೊಂದು ಕೋರ್‌ನ ವೇಗ.

2021ರ ಆಲ್ಡರ್ ಲೇಕ್ ಪೀಳಿಗೆಯಿಂದ ಇಂಟೆಲ್‌ನ ಹಲವು ಚಿಪ್‌ಗಳಲ್ಲಿ ದೊಡ್ಡ ಕೋರ್, ಚಿಕ್ಕ ಕೋರ್ ಎರಡೂ ಬಂದಿವೆ. ಮುಖ್ಯ ಥ್ರೆಡ್ ಚಿಕ್ಕದರ ಮೇಲೆ ಬಿದ್ದರೆ ಆಟ ಕುಂಟುತ್ತದೆ. ಹಾಗಾಗದಿರಲಿ ಎಂದು ಚಿಪ್ಪೇ ವಿಂಡೋಸ್ 11ಕ್ಕೆ ಸುಳಿವು ಕೊಡುತ್ತದೆ. ಲಿನಕ್ಸ್‌ನಲ್ಲಿ ‘ಟಾಸ್ಕ್‌ಸೆಟ್’ ಎಂಬ ಕಮಾಂಡ್ ಬಳಸಿ ಥ್ರೆಡ್ಡನ್ನು ಒಂದು ಕೋರ್‌ಗೆ ಕಟ್ಟಿಹಾಕಬಹುದು. ಆದರೆ ತಿಳಿಯದೆ ಕಟ್ಟಿದರೆ ಎರಡು ಭಾರದ ಥ್ರೆಡ್‌ಗಳು ಒಂದೇ ಕೋರ್‌ನಲ್ಲಿ ಕಿತ್ತಾಡುತ್ತವೆ. ಸುಮ್ಮನೆ ಬಿಡುವುದೇ ಒಳ್ಳೆಯದು ಅಂತ ನನಗನ್ನಿಸುತ್ತದೆ.

ಒಂದು ಥ್ರೆಡ್ಡನ್ನು ಎರಡಾಗಿ ಸೀಳುವುದು ಯಾವ ಶೆಡ್ಯೂಲರ್‌ಗೂ ಆಗದ ಕೆಲಸ. ಅದನ್ನು ಎಮ್ಯುಲೇಟರ್ ಬರೆಯುವವರೇ ಮಾಡಬೇಕು. ಪಿಸಿಎಸ್‌ಎಕ್ಸ್2ನಲ್ಲಿ ‘ಎಂಟಿವಿಯು’ ಎಂಬ ಆಯ್ಕೆ ಒತ್ತಿದರೆ ಪ್ಲೇಸ್ಟೇಷನ್ 2ರಲ್ಲಿದ್ದ ವೆಕ್ಟರ್ ಲೆಕ್ಕದ (ಒಮ್ಮೆಗೇ ಹಲವು ಸಂಖ್ಯೆಗಳ ಲೆಕ್ಕ) ಒಂದು ಘಟಕಕ್ಕೆ ಪ್ರತ್ಯೇಕ ಥ್ರೆಡ್ ಸಿಗುತ್ತದೆ. ಬಹಳಷ್ಟು ಆಟಗಳ ವೇಗ ಹೆಚ್ಚುತ್ತದೆ. ಕೆಲವು ಮಾತ್ರ ಕೆಟ್ಟು ನಿಲ್ಲುತ್ತವೆ, ಯಾಕೆಂದರೆ ಅವು ಮೂಲ ಯಂತ್ರದ ಘಟಕಗಳ ನಡುವಿನ ಕರಾರುವಾಕ್ಕಾದ ಹೊಂದಾಣಿಕೆಯನ್ನೇ ನೆಚ್ಚಿಕೊಂಡಿವೆ.