ಎನ್‌ಎಸ್‌ಟಿ ಸರಿ ಇದ್ದರೂ ಮತ್ತೆ ಸ್ಕ್ಯಾನ್ ಯಾಕೆ?

ಪ್ರಶ್ನೆ: ನನಗೀಗ 34 ವಾರ. ಮಗು ಸ್ವಲ್ಪ ಸಣ್ಣದು ಅಂತ ಸ್ಕ್ಯಾನ್‌ನಲ್ಲಿ ಬಂದಿದೆ. ಎನ್‌ಎಸ್‌ಟಿ (ನಾನ್-ಸ್ಟ್ರೆಸ್ ಟೆಸ್ಟ್, ಮಗುವಿನ ಹೃದಯದ ಬಡಿತ ನೋಡುವ ಪರೀಕ್ಷೆ) ಮಾಡಿ, ಹಾರ್ಟ್‌ಬೀಟ್ ಚೆನ್ನಾಗಿದೆ ಅಂದರು. ಆದರೂ ಎರಡು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಅಂತೆ. ಬೇಕೇ ಬೇಕಾ?

ಬೇಕು, ತಪ್ಪಿಸಬೇಡಿ. ಎನ್‌ಎಸ್‌ಟಿ ಮಗುವಿನ ಬೆಳವಣಿಗೆಯನ್ನು ಅಳೆಯುವುದೇ ಇಲ್ಲ.

ಹೊಟ್ಟೆಗೆ ಬೆಲ್ಟ್ ಕಟ್ಟಿ 20 ನಿಮಿಷ ನೋಡುವುದು ಒಂದೇ ವಿಷಯ: ಈ ಹೊತ್ತಿಗೆ ಮಗು ಹೇಗಿದೆ ಅಂತ. ಹೃದಯ ನಿಮಿಷಕ್ಕೆ 110ರಿಂದ 160 ಸಲ ಬಡಿಯುತ್ತಾ, ನಡುನಡುವೆ ಕನಿಷ್ಠ ಎರಡು ಸಲ 15 ಬಡಿತದಷ್ಟು ಏರಿ 15 ಸೆಕೆಂಡಾದರೂ ಹಾಗೇ ಇದ್ದರೆ ಸದ್ಯಕ್ಕೆ ಆಮ್ಲಜನಕ ಸಾಕಷ್ಟು ಸಿಗುತ್ತಿದೆ ಎಂದರ್ಥ. ಮಗು ನಿದ್ದೆಯಲ್ಲಿದ್ದರೆ ಈ ಏರಿಕೆ ಕಾಣದೇ ಇರಬಹುದು, ಆಗ 40 ನಿಮಿಷದವರೆಗೂ ನೋಡುತ್ತಾರೆ. ಅದಕ್ಕೆ ಗಾಬರಿ ಬೇಡ.

ಆದರೆ ಮಾಸು (ಮಗುವಿಗೆ ಆಹಾರ, ಆಮ್ಲಜನಕ ಒದಗಿಸುವ ಪ್ಲಸೆಂಟಾ) ಸರಿಯಾಗಿ ಕೆಲಸ ಮಾಡದಿದ್ದಾಗ ಮೊದಲು ಕೆಡುವುದು ಹೃದಯದ ಬಡಿತ ಅಲ್ಲ. ಮಗು ಸಿಕ್ಕಷ್ಟು ರಕ್ತವನ್ನು ಮೆದುಳಿಗೆ, ಹೃದಯಕ್ಕೆ ಉಳಿಸಿಕೊಂಡು ಬೆಳೆಯುವುದನ್ನು ನಿಧಾನ ಮಾಡುತ್ತದೆ, ಹೊಟ್ಟೆಯ ಸುತ್ತಳತೆ ಹಿಂದೆ ಬೀಳುತ್ತದೆ, ರಕ್ತದ ಓಟ ನೋಡುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಹೊಕ್ಕುಳಬಳ್ಳಿಯ ಅಥವಾ ಮೆದುಳಿನ ರಕ್ತದ ಹರಿವು ಬದಲಾಗಿರುವುದು ಕಾಣಬಹುದು, ಇಷ್ಟೆಲ್ಲಾ ಆದಮೇಲೆ ಸಾಮಾನ್ಯವಾಗಿ ಎನ್‌ಎಸ್‌ಟಿ ಕೆಡುತ್ತದೆ. ಅದು ಕೆಡಲಿ ನೋಡೋಣ ಅಂತ ಕೂತರೆ ತಡವಾಗುತ್ತದೆ, ಅಲ್ವಾ? ಹಾಗಾಗಿಯೇ ಸಣ್ಣ ಮಗು ಅಂತ ಗೊತ್ತಾದಮೇಲೆ ಬರೀ ಎನ್‌ಎಸ್‌ಟಿ ನಂಬಿಕೊಳ್ಳುವುದು ನನ್ನ ಮಟ್ಟಿಗೆ ಸರಿಯಲ್ಲ.

ಎರಡು ವಾರ ಯಾಕೆ ಅಂದರೆ, ಸ್ಕ್ಯಾನ್ ಹೇಳುವ ತೂಕ ಅಂದಾಜಿನದು, ನೂರಕ್ಕೆ 10-15ರಷ್ಟು ಹೆಚ್ಚುಕಮ್ಮಿ ಆಗುತ್ತದೆ. ನಾಲ್ಕೇ ದಿನಕ್ಕೆ ಮತ್ತೆ ಅಳೆದರೆ ಮಗು ಬೆಳೆದಿದೆಯೋ ಅಥವಾ ಅಳತೆ ತಪ್ಪಿತೋ ಹೇಳೋಕಾಗಲ್ಲ. ಡಾಪ್ಲರ್ ಮಾತ್ರ ಬೇಕೆನಿಸಿದರೆ ಬೇಗ ಮಾಡಿಸುತ್ತಾರೆ. ಅಂದಹಾಗೆ, ಸಣ್ಣ ಮಗುವೆಲ್ಲಾ ತೊಂದರೆಯಲ್ಲಿರುವ ಮಗು ಅಲ್ಲ. ಅಪ್ಪ ಅಮ್ಮ ಸಣ್ಣ ಮೈಕಟ್ಟಿನವರಾದರೆ ಮಗುವೂ ಹಾಗೇ ಇರಬಹುದು. ಎರಡೂ ಸ್ಕ್ಯಾನ್ ಪಕ್ಕಪಕ್ಕ ಇಟ್ಟಾಗಲೇ ಇದು ತಿಳಿಯುವುದು, ಅದಕ್ಕೇ ಹಳೇ ರಿಪೋರ್ಟು, ತಾಯಿ ಕಾರ್ಡ್ ಮರೀದೇ ಒಯ್ಯಿರಿ.

ಈ ನಡುವೆ ಮಗುವಿನ ಒದೆತ ಕಡಿಮೆಯಾದ ಹಾಗೆ ಅನಿಸಿದರೆ ಮಾತ್ರ ಸ್ಕ್ಯಾನ್ ತಾರೀಖಿಗೆ ಕಾಯಬೇಡಿ. ನಿನ್ನೆಯ ಎನ್‌ಎಸ್‌ಟಿ ಚೆನ್ನಾಗಿತ್ತು ಅಂತ ಸುಮ್ನೆ ಕೂರಬೇಡಿ, ಮನೆಯಲ್ಲಿ ಡಾಪ್ಲರ್ ಮಷೀನಿಟ್ಟು ಬಡಿತ ಕೇಳಿಸಿತು ಅಂತ ಸಮಾಧಾನವೂ ಬೇಡ. ರಾತ್ರಿಯಾದರೂ ಸರಿ, ತಕ್ಷಣ ಆಸ್ಪತ್ರೆಗೆ ಹೋಗಿ.